ಪಾಠಶಾಲೆಯ ನೆರಳು

ಮಾರ್ಚಿ ತಿಂಗಳ ಕೊನೆಯ ವಾರದಲ್ಲಿ, ಊಟದ ಹೊತ್ತು ಕಳೆದ ಮೇಲೆ, ಕೊಟ್ಟೂರಿನಿಂದ ಕೂಡ್ಲಿಗಿಯ ಕಡೆಗೆ ಪಯಣ ಮಾಡಿದವರಿಗೆ ಒಂದು ನೋಟ ಪರಿಚಿತವಾಗಿರಬೇಕು. ರಸ್ತೆಯ ಪಕ್ಕದ ಹಳ್ಳಿಯಲ್ಲಿ ಶಾಲೆಯ ಕಟ್ಟಡ ಹೊಸ ಬಣ್ಣ ತೊಟ್ಟು ನಿಂತಿದೆ. ಕಿಟಕಿಗಳಿಗೆ ಕಬ್ಬಿಣದ ಸರಳು, ಮೇಲೆ ಕಾಂಕ್ರೀಟಿನ ಛಾವಣಿ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ. ಆದರೆ ಮಕ್ಕಳು ಒಳಗಿಲ್ಲ. ಅಂಗಳದ ಬೇವಿನ ಮರದ ಕೆಳಗೆ, ನೆರಳು ಸರಿದಂತೆಲ್ಲ ತಾವೂ ಸರಿಯುತ್ತ, ಪಾಠ ಒಪ್ಪಿಸುತ್ತಿದ್ದಾರೆ. ಅವರ ಉಪಾಧ್ಯಾಯಿನಿ ಶಾಂತಿನಿಕೇತನದ ಆದರ್ಶವನ್ನು ನೆನೆದು ತರಗತಿಯನ್ನು ಹೊರಗೆ ತಂದವರಲ್ಲ. ಒಳಗೆ ಕೂರಲಾರದೆ ಬಂದವರು. ಲಕ್ಷಾಂತರ ರೂಪಾಯಿಗಳ ಕಟ್ಟಡವನ್ನು ಒಂದು ಬೇವಿನ ಮರ ಸೋಲಿಸಿದೆ ಎಂಬುದನ್ನು ಇಂಜಿನಿಯರುಗಳು ಒಪ್ಪಲಿ ಬಿಡಲಿ, ಮಕ್ಕಳು ತೀರ್ಪು ಕೊಟ್ಟಾಗಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಅದಕ್ಕೆ ಮುಂಚೆ ಇವು ಬಳ್ಳಾರಿ ಜಿಲ್ಲೆಯ ಪಡುವಣ ಭಾಗ. ಹರಪನಹಳ್ಳಿ ಮಾತ್ರ ನಡುವೆ ಎರಡು ದಶಕ ದಾವಣಗೆರೆಯ ಜೊತೆಗಿದ್ದು ಮರಳಿ ಬಂತು. 1953ರ ಅಕ್ಟೋಬರ್ 1ರವರೆಗೆ ಇಡೀ ಬಳ್ಳಾರಿ ಸೀಮೆ ಮದ್ರಾಸಿನ ಆಡಳಿತದಲ್ಲಿತ್ತು. ಆಡಳಿತ ಯಾರದೇ ಇರಲಿ, ಬಿಸಿಲು ಮಾತ್ರ ಬದಲಾಗಲಿಲ್ಲ. ವರ್ಷಕ್ಕೆ ಐನೂರು, ಆರುನೂರು ಮಿಲಿಮೀಟರ್ ಮಳೆ. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ಉಷ್ಣ. ಸರ್ಕಾರಕ್ಕೂ ಇದು ಗೊತ್ತಿಲ್ಲದ ಸಂಗತಿಯಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯುಂಟು. ಬಿಸಿಲಿಗಾಗಿ ಗಡಿಯಾರವನ್ನು ತಿರುಗಿಸುವ ಔದಾರ್ಯ ನಮಗಿದೆ. ಗೋಡೆಯನ್ನು ತಿರುಗಿಸುವ ಯೋಚನೆ ಇನ್ನೂ ಬಂದಿಲ್ಲ.

ಈ ಸೀಮೆಯಲ್ಲಿ ಶಾಲೆ ಎಂಬುದು ಹೊಸದೇನೂ ಅಲ್ಲ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಕಲೆಕ್ಟರುಗಳಿಂದ ದೇಶೀ ವಿದ್ಯಾಭ್ಯಾಸದ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ಉತ್ತರ ಇಂದಿಗೂ ಓದಲು ತಕ್ಕದ್ದು. ಅಂದಿನ ವಿಸ್ತಾರವಾದ ಬಳ್ಳಾರಿ ಜಿಲ್ಲೆಯಲ್ಲಿ ಆತ ಎಣಿಸಿದ ಶಾಲೆಗಳು 533, ವಿದ್ಯಾರ್ಥಿಗಳು 6,641. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಇಷ್ಟರಲ್ಲಿ ಒಂದಕ್ಕಾದರೂ ಸರ್ಕಾರದ ನೆರವಿಲ್ಲವೆಂದು ಆತ ನಾಚಿಕೆಯಿಂದಲೇ ಒಪ್ಪಿಕೊಂಡ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನೂ, ಗಂಜಿ ಹಾಕಿ ಗಟ್ಟಿಮಾಡಿದ ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವುದನ್ನೂ ಆತ ಬಣ್ಣಿಸಿದ್ದಾನೆ.

ಆ ಕೂಲಿಮಠಗಳಿಗೆ ಪ್ರತ್ಯೇಕ ಕಟ್ಟಡ ಇರುತ್ತಿದ್ದುದು ಅಪರೂಪ. ಗುಡಿಯ ಕೈಸಾಲೆ, ಮಠದ ಪಡಸಾಲೆ, ಗೌಡರ ಮನೆಯ ಜಗಲಿ, ಇಲ್ಲವೇ ಅಯ್ಯನವರ ಮನೆಯೇ ಶಾಲೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಗೆ ಬೇಸಗೆಯ ನಡುಮಧ್ಯಾಹ್ನ ಹೋಗಿ ಕಂಬಗಳ ನಡುವೆ ಹತ್ತು ನಿಮಿಷ ಕೂತು ನೋಡಬೇಕು. ಅಷ್ಟು ದಪ್ಪ ಕಲ್ಲಿನ ಚಪ್ಪಡಿ, ಬದಿಯಿಂದ ಆಡುವ ಗಾಳಿ, ಅಡಿಯಲ್ಲಿ ತಣ್ಣನೆಯ ನೆಲ. ಸಾವಿರ ವರ್ಷದ ಹಿಂದೆ ಅದನ್ನು ಕಟ್ಟಿದ ಓಜರು ಕಡೆದದ್ದೂ ಬಳಪದ ಕಲ್ಲನ್ನೇ. ಒಂದೇ ಜಾತಿಯ ಕಲ್ಲು ಒಂದು ಕಡೆ ಕಂಬವಾಗಿ ನೆರಳು ಕೊಟ್ಟಿತು, ಇನ್ನೊಂದು ಕಡೆ ಹುಡುಗನ ಕೈಯಲ್ಲಿ ಅಕ್ಷರವಾಯಿತು.

ಗುಡಿಯ ಮಾತು ದೊಡ್ಡದಾಯಿತು. ಬಡವರ ಮನೆಯನ್ನೇ ನೋಡೋಣ. ಈ ಭಾಗದ ಹಳೆಯ ಊರುಗಳಲ್ಲಿ ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಕಲ್ಲು ಮಣ್ಣಿನ ಗೋಡೆ ಒಂದೂವರೆ, ಎರಡು ಅಡಿ ದಪ್ಪ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ಗೇಣುಗಟ್ಟಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಹೊದಿಕೆ. ಚೌಳಿನಲ್ಲಿರುವ ಸೋಡದ ಉಪ್ಪು ನೀರು ತಾಗಿದೊಡನೆ ಮಣ್ಣಿನ ಸಣ್ಣ ಕಣಗಳನ್ನು ಬಿಡಿಸಿ ಹರಡುತ್ತದೆ. ಆ ಕಣಗಳೇ ರಂಧ್ರಗಳನ್ನು ಮುಚ್ಚಿ ನೀರಿಳಿಯದಂತೆ ತಡೆಯುತ್ತವೆ. ಬೆಳೆಗೆ ಶತ್ರುವಾದ ಮಣ್ಣನ್ನು ಮನೆಗೆ ಮಿತ್ರನನ್ನಾಗಿ ಮಾಡಿಕೊಂಡ ಈ ಉಪಾಯವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ.

ಇಂಥ ಛಾವಣಿ ಬಿಸಿಲನ್ನು ತಡೆಯುವುದಿಲ್ಲ, ತಡಮಾಡುತ್ತದೆ. ಇದು ಸೂಕ್ಷ್ಮವಾದ ವಿಷಯ. ನಾಲ್ಕೈದು ಅಂಗುಲದ ಕಾಂಕ್ರೀಟ್ ಚಪ್ಪಡಿಯ ಮೇಲೆ ಹನ್ನೆರಡು ಗಂಟೆಗೆ ಬಿದ್ದ ಕಾವು ಮೂರು ಗಂಟೆಯ ಸುಮಾರಿಗೆ ಒಳಗಿನ ಮಕ್ಕಳ ತಲೆಯ ಮೇಲೆ ಇಳಿಯುತ್ತದೆ. ಅಂದರೆ ಗಣಿತದ ಪಾಠ ನಡೆಯುವ ಹೊತ್ತಿಗೆ. ಒಂದಡಿಗೂ ಮಿಕ್ಕಿದ ಮಣ್ಣಿನಲ್ಲಿ ಅದೇ ಕಾವು ಇಳಿದು ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಮನೆಗೆ ಇದು ಪೂರ್ತಿ ಅನುಕೂಲವಲ್ಲ. ಅದಕ್ಕಾಗಿಯೇ ನಮ್ಮ ಹಿರಿಯರು ಬೇಸಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲೋ ಅಂಗಳದಲ್ಲೋ ಹಾಸಿಗೆ ಬಿಡಿಸುತ್ತಿದ್ದರು. ಆದರೆ ಶಾಲೆಯಲ್ಲಿ ರಾತ್ರಿ ಯಾರಿರುತ್ತಾರೆ? ಮನೆಗಾಗಿ ಹುಟ್ಟಿದ ದಪ್ಪ ಛಾವಣಿ ನಿಜವಾಗಿ ಒಪ್ಪುವುದು ಹಗಲು ಮಾತ್ರ ಜನವಿರುವ ಶಾಲೆಗೆ. ವಿಚಿತ್ರವೆಂದರೆ ಶಾಲೆಗೇ ನಾವು ಎಲ್ಲಕ್ಕಿಂತ ತೆಳ್ಳನೆಯ ಹೊದಿಕೆಯನ್ನು ಆರಿಸಿದೆವು.

ಹಾಗೆಂದು ಹಳೆಯದನ್ನು ಹಾಡಿ ಹೊಗಳುವ ಗುಂಪಿಗೆ ನಾನು ಸೇರಿದವನಲ್ಲ. ಮಾಳಿಗೆಗೆ ವರ್ಷವರ್ಷವೂ ಮಣ್ಣು ಹೊರಬೇಕು. ಹೊರುವ ಕೈಗಳು ಇಂದು ಊರಿನಲ್ಲಿಲ್ಲ. ಜಡಿಮಳೆ ಹಿಡಿದರೆ ಗೋಡೆ ಕುಸಿಯುವ ಭಯ. ಜಂತೆಯ ಸಂದಿಯಲ್ಲಿ ಚೇಳು, ತೊಲೆಗೆ ಗೆದ್ದಲು. ಗುಡಿಸಲ ಛಾವಣಿಯ ಗತಿಯಂತೂ ಹೇಳಲಾಗದು: 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಗರಿಯ ಹೊದಿಕೆಗೆ ಬೆಂಕಿ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ದುರಂತದ ಬಳಿಕ, ಶಾಲೆ ಎಂದರೆ ಬೆಂಕಿ ಹತ್ತದ, ಬೀಳದ ಕಟ್ಟಡವಾಗಿರಬೇಕು ಎಂಬ ಹಟ ದೇಶಕ್ಕೆಲ್ಲ ಬಂದುದು ನ್ಯಾಯವೇ. ಕಾಂಕ್ರೀಟು ಗೆದ್ದುದು ಬರಿಯ ಕಂಟ್ರಾಕ್ಟರುಗಳ ಲಾಭದಿಂದಲ್ಲ.

ತಪ್ಪಿದ್ದು ಬೇರೆ ಕಡೆ. 1987ರಲ್ಲಿ ಆರಂಭವಾದ ಕರಿಹಲಗೆ ಕಾರ್ಯಾಚರಣೆ ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಎಲ್ಲ ಋತುಗಳಲ್ಲಿ ಬಳಸಬಹುದಾದ ಎರಡು ದೊಡ್ಡ ಕೋಣೆಗಳನ್ನು ಕೊಡಹೊರಟಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯೂ ಸರ್ವಋತು ಕಟ್ಟಡ ಬೇಕೆನ್ನುತ್ತದೆ. ಉಪಾಧ್ಯಾಯರಿಗೊಂದರಂತೆ ಕೋಣೆ, ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಾಲಯ, ಶುದ್ಧವಾದ ಕುಡಿಯುವ ನೀರು, ಅಡುಗೆಯ ಕೋಣೆ, ಆಟದ ಬಯಲು ಇವೆಲ್ಲವನ್ನೂ ಹೆಸರಿಸುತ್ತದೆ. ಒಳ್ಳೆಯ ಪಟ್ಟಿ. ಆದರೆ ಸರ್ವಋತು ಎಂಬ ಮಾತನ್ನು ನಮ್ಮ ಕಟ್ಟಡ ಇಲಾಖೆಗಳು ಅರ್ಥಮಾಡಿಕೊಂಡದ್ದು ಹೇಗೆ? ಮಳೆ ಬಂದರೆ ಸೋರಬಾರದು ಎಂದು. ಆಗುಂಬೆಗೆ ಆ ಅರ್ಥ ಸಲ್ಲುತ್ತದೆ. ಮಳೆಯನ್ನು ಬೆರಳೆಣಿಕೆಯ ದಿನಗಳಲ್ಲಿ ಕಾಣುವ ಕೂಡ್ಲಿಗಿಗೆ ಋತು ಎಂದರೆ ಬಿಸಿಲು. ಬಿಸಿಲು ಸೋರುವ ಛಾವಣಿ ಇಲ್ಲಿ ಸರ್ವಋತುವಾಗಲಾರದು.

ಇದು ಸೌಖ್ಯದ ಪ್ರಶ್ನೆ ಮಾತ್ರವಲ್ಲ. ಅಮೆರಿಕದಲ್ಲಿ ಲಕ್ಷಾಂತರ ವಿದ್ಯಾರ್ಥಿಗಳ ಪರೀಕ್ಷೆಯ ಅಂಕಗಳನ್ನು ಹವೆಯೊಡನೆ ತಾಳೆಹಾಕಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ತಂಪು ಯಂತ್ರಗಳಿಲ್ಲದ ಶಾಲೆಗಳಲ್ಲಿ ವರ್ಷದ ಉಷ್ಣ ಒಂದು ಫ್ಯಾರನ್‌ಹೀಟ್ ಡಿಗ್ರಿ ಏರಿದರೆ ಆ ವರ್ಷದ ಕಲಿಕೆ ನೂರಕ್ಕೆ ಒಂದು ಪಾಲು ಕುಗ್ಗುತ್ತದೆಂದು ಕಂಡುಕೊಂಡಿತು. ನಮ್ಮಲ್ಲಿ ವಾರ್ಷಿಕ ಪರೀಕ್ಷೆಗಳು ಬರುವುದೇ ಮಾರ್ಚಿ ಏಪ್ರಿಲಿನಲ್ಲಿ. ಹರಪನಹಳ್ಳಿಯ ಹುಡುಗಿ ಮಡಿಕೇರಿಯ ಹುಡುಗಿಯೊಡನೆ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಾಳೆ, ಒಂದೇ ಹವೆಯಲ್ಲಿ ಅಲ್ಲ.

ಹಾಗಾದರೆ ಕಟ್ಟುವುದು ಹೇಗೆ? ಮೊದಲು ಸೂರ್ಯನ ಲೆಕ್ಕ. ಈ ತಾಲ್ಲೂಕುಗಳೆಲ್ಲ ಹೆಚ್ಚುಕಡಮೆ 15 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿವೆ. ಮೇ ಮೊದಲ ದಿನದ ಸುಮಾರಿಗೆ ಒಮ್ಮೆ, ಆಗಸ್ಟ್ 12ರ ಸುಮಾರಿಗೆ ಇನ್ನೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದರೂ ನಡುಹಗಲಿಗೆ ಐವತ್ತೊಂದೂವರೆ ಡಿಗ್ರಿಯಷ್ಟು ಮೇಲಿರುತ್ತಾನೆ. ಇದರ ಅರ್ಥವಿಷ್ಟು: ದಕ್ಷಿಣದ ಗೋಡೆಗೆ ನೆರಳು ಕೊಡುವುದು ಸುಲಭ, ಪಡುವಣ ಗೋಡೆಗೆ ಕೊಡುವುದು ಕಷ್ಟ. ನಾಲ್ಕಡಿ ಎತ್ತರದ ಕಿಟಕಿ ದಕ್ಷಿಣಕ್ಕಿದ್ದರೆ, ಮಾರ್ಚಿಯ ನಡುಹಗಲಲ್ಲಿ ಅದರ ಮೇಲೆ ಒಂದಡಿಯ ಸಜ್ಜಾ ಸಾಕು. ಡಿಸೆಂಬರಿನಲ್ಲಿ ಮೂರೂಕಾಲು ಅಡಿ ಬೇಕು, ಆದರೆ ಆಗಿನ ಬಿಸಿಲು ಯಾರಿಗೂ ಬೇಡವಾದುದಲ್ಲ. ಅದೇ ಕಿಟಕಿ ಪಡುವಣಕ್ಕಿದ್ದರೆ ಮಾರ್ಚಿಯ ಸಂಜೆ ನಾಲ್ಕೂವರೆಗೆ ಪೂರ್ತಿ ನೆರಳಾಗಲು ಏಳಡಿ ಚಾಚು ಬೇಕು. ಏಳಡಿ ಚಾಚಿದ್ದನ್ನು ಸಜ್ಜಾ ಎನ್ನುವುದಿಲ್ಲ, ಪಡಸಾಲೆ ಎನ್ನುತ್ತಾರೆ. ನಮ್ಮ ಹಿರಿಯರು ಲೆಕ್ಕ ಹಾಕದೆಯೂ ಅಲ್ಲಿಗೇ ಬಂದಿದ್ದರು.

ಆದುದರಿಂದ ಶಾಲೆಯ ಸಾಲು ಮೂಡಣದಿಂದ ಪಡುವಣಕ್ಕೆ ಉದ್ದವಾಗಿ ಹಬ್ಬಬೇಕು. ಕಿಟಕಿಗಳು ಉತ್ತರ ದಕ್ಷಿಣಗಳಲ್ಲಿ ಎದುರುಬದುರಾಗಿರಬೇಕು. ಪಡುವಣ ತುದಿಯಲ್ಲಿ ಕಿಟಕಿಯೇ ಇಲ್ಲದ ಸಾಮಾನಿನ ಕೋಣೆಯೋ ಮೆಟ್ಟಿಲೋ ನಿಂತು ಬಿಸಿಲನ್ನು ಎದೆಗೊಡಬೇಕು. ಇದಕ್ಕೆ ಒಂದು ಮೂಟೆ ಸಿಮೆಂಟೂ ಹೆಚ್ಚು ಬೇಕಿಲ್ಲ. ನಕ್ಷೆಯ ಹಾಳೆಯನ್ನು ಮೇಜಿನ ಮೇಲೆ ಕಾಲು ಸುತ್ತು ತಿರುಗಿಸಿದರಾಯಿತು. ಆದರೂ ಎಷ್ಟೋ ಊರುಗಳಲ್ಲಿ ಕಟ್ಟಡ ರಸ್ತೆಗೆ ಮುಖಮಾಡಿ ನಿಲ್ಲುತ್ತದೆ. ರಸ್ತೆ ತೆಂಕಣ ಬಡಗಣವಾಗಿ ಹೋಗಿದ್ದರೆ ಶಾಲೆಯ ಮುಖ ಬಿಸಿಲಿಗೆ. ಉದ್ಘಾಟನೆಯ ಫಲಕ ದಾರಿಹೋಕರಿಗೆ ಕಾಣಬೇಕಲ್ಲ!

ಇನ್ನು ಛಾವಣಿ. ಒಂದಂತಸ್ತಿನ ಕಟ್ಟಡದಲ್ಲಿ ನಿಜವಾದ ಶತ್ರು ಗೋಡೆಯಲ್ಲ, ತಲೆಯ ಮೇಲಿನ ಚಪ್ಪಡಿ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಸಾವಿರ ವ್ಯಾಟ್ ಕಾವನ್ನು ಸುರಿಯುತ್ತದೆ. ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ಕೋಣೆಯ ಛಾವಣಿ 37 ಚದರ ಮೀಟರು. ಸಾವಿರ ವ್ಯಾಟಿನ 37 ಇಸ್ತ್ರಿಪೆಟ್ಟಿಗೆಗಳನ್ನು ಛಾವಣಿಯ ಮೇಲೆ ಜೋಡಿಸಿಟ್ಟಂತೆ. ಬೂದುಬಣ್ಣದ ಹಳೆಯ ಕಾಂಕ್ರೀಟು ಅವುಗಳಲ್ಲಿ ಇಪ್ಪತ್ತೈದರಷ್ಟನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ದಪ್ಪವಾಗಿ ಸುಣ್ಣ ಬಳಿದರೆ ಹೀರುವುದು ಹತ್ತಕ್ಕೆ ಇಳಿಯುತ್ತದೆ. ಒಂದೆರಡು ಮೂಟೆ ಸುಣ್ಣ, ಒಂದು ದಿನದ ಕೆಲಸ. ಮಳೆಗಾಲ ಕಳೆದು ಬೇಸಗೆ ಬರುವ ಮುಂಚೆ ವರ್ಷಕ್ಕೊಮ್ಮೆ ಮಾಡಿದರೆ ಸರಿ. 2022ರ ನವೆಂಬರಿನಲ್ಲಿ ‘ವಿವೇಕ’ ಯೋಜನೆಯ ಹೊಸ ತರಗತಿಗಳ ಗೋಡೆಗೆ ಕೇಸರಿ ಬಣ್ಣ ಬಳಿಯಬಹುದೇ ಕೂಡದೇ ಎಂದು ನಾಡಿಗೆ ನಾಡೇ ವಾದಿಸಿತು. ಛಾವಣಿಯ ಬಣ್ಣ ಯಾವುದಿರಬೇಕೆಂದು ಯಾರೂ ಕೇಳಿದ ಹಾಗೆ ಕಾಣೆ.

ಹೊಸದಾಗಿ ಕಟ್ಟುವುದಾದರೆ ಇನ್ನೂ ಒಳ್ಳೆಯ ದಾರಿಗಳುಂಟು. ಮದ್ರಾಸ್ ಸರ್ಕಾರದ ಕಾಲದ ಕಚೇರಿಗಳಲ್ಲಿ ಕಾಣುವ ಮದ್ರಾಸ್ ತಾರಸಿ, ತೇಗದ ಜಂತೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಗಾರೆ ಹಾಕಿ ಅದರ ಮೇಲೆ ಇಟ್ಟಿಗೆಚೂರು ಸುಣ್ಣಗಳನ್ನು ಬಡಿದು ಕೂರಿಸಿದ್ದು, ತಂಪಿಗೆ ಹೆಸರಾಗಿತ್ತು. ತೇಗ ಇಂದು ಕೈಗೆಟುಕದು. ಕಾಂಕ್ರೀಟಿನಲ್ಲೇ ಒಂದು ಜಾಣತನವಿದೆ: ಚಪ್ಪಡಿಯ ಕೆಳಪದರದಲ್ಲಿ ಎಳೆತವನ್ನು ತಾಳುವುದು ಕಬ್ಬಿಣ, ಕಾಂಕ್ರೀಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಸರಳುಗಳ ನಡುವೆ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಕವುಚಿ ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟು ಉಳಿಯುತ್ತದೆ, ಹೆಂಚುಗಳ ನಡುವಿನ ಗಾಳಿ ಕಾವನ್ನೂ ತಡೆಯುತ್ತದೆ. ಕೇರಳದಲ್ಲಿ ಇದನ್ನು ಸಾವಿರಾರು ಮನೆಗಳಿಗೆ ತಂದವರು ಲಾರಿ ಬೇಕರ್. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನೂ ಅವರೇ ಬಳಕೆಗೆ ತಂದರು. ನಾಲ್ಕರಲ್ಲೊಂದು ಪಾಲು ಇಟ್ಟಿಗೆ ಅದರಿಂದ ಉಳಿತಾಯ.

ಬೇಕರರ ಮಾತು ಬಂದುದರಿಂದ ಒಂದು ಸಂಗತಿ. ಇಂಗ್ಲೆಂಡಿನ ಈ ವಾಸ್ತುಶಿಲ್ಪಿ 1940ರ ದಶಕದಲ್ಲಿ ಮುಂಬಯಿಯಲ್ಲಿ ಗಾಂಧೀಜಿಯನ್ನು ಕಂಡಾಗ, ಆದರ್ಶ ಗ್ರಾಮದ ಮನೆ ಅದರ ಸುತ್ತ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದ ಆಗಿರಬೇಕೆಂದು ಗಾಂಧೀಜಿ ಹೇಳಿದರಂತೆ. ಬೇಕರ್ ಅದನ್ನು ಬಾಳಿನುದ್ದಕ್ಕೂ ಸ್ಮರಿಸಿದರು. ಕೂಡ್ಲಿಗಿಯ ಹುತಾತ್ಮರ ಸ್ಮಾರಕದಲ್ಲಿ ಗಾಂಧೀಜಿಯವರ ಚಿತಾಭಸ್ಮವಿದೆ. ಆ ಕಟ್ಟೆಯ ಮೇಲೆ ನಿಂತು ಸುತ್ತ ಐದು ಮೈಲಿ ನೋಡಿದರೆ ಕಾಣುವುದೇನು? ಗುಂಡುಬಂಡೆಗಳ ಗುಡ್ಡ, ಕೆಂಪು ಮಸಾರಿ ನೆಲ. ಎಂದರೆ ಕಲ್ಲು ಮತ್ತು ಮಣ್ಣು. ಕಲ್ಲು ಬಲ್ಲ ಕೈಗಳು ಈ ಜಿಲ್ಲೆಯಲ್ಲಿ ಇನ್ನೂ ತೀರಿಹೋಗಿಲ್ಲ. ಕಮಲಾಪುರದ ಬಳಿಯ ಕನ್ನಡ ವಿಶ್ವವಿದ್ಯಾಲಯದ ಕಲ್ಲುಕಟ್ಟಡಗಳು ಅದಕ್ಕೆ ಸಾಕ್ಷಿ.

ಮಣ್ಣಿನ ವಿಚಾರದಲ್ಲಿ ಕನ್ನಡನಾಡಿಗೆ ತನ್ನದೇ ಆದ ವಿದ್ಯೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಕೇಂದ್ರ, ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆಮಾಡಿ ಹಳ್ಳಿಗೆ ತಕ್ಕ ಒಲೆ, ಅನಿಲ, ಕಟ್ಟಡಗಳ ಪ್ರಯೋಗ ನಡೆಸಿತು. ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಅಲ್ಲಿ ಒತ್ತುಮಣ್ಣಿನ ಇಟ್ಟಿಗೆಯನ್ನು ಬೆಳೆಸಿದರು. ತಕ್ಕ ಮಣ್ಣಿಗೆ ಮರಳು, ನೂರಕ್ಕೆ ಐದಾರು ಪಾಲು ಸಿಮೆಂಟು ಬೆರೆಸಿ ‘ಮರ್ದಿನಿ’ ಎಂಬ ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ, ಒಂದು ಕಡ್ಡಿ ಸೌದೆಯೂ ಬೇಡ. ಲೋಕದಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುತ್ತದೆಂದ ಮೇಲೆ, ಉಳಿಸಿದ ಪ್ರತಿಯೊಂದು ಮೂಟೆಗೂ ಬೆಲೆಯುಂಟು.

ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಕೂಡ್ಲಿಗಿಯ ಮಸಾರಿ ಮಣ್ಣು ಒಗ್ಗುತ್ತದೆ. ಹಡಗಲಿಯ ಹೊಳೆಸಾಲಿನ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಇಟ್ಟಿಗೆಗಿರಲಿ, ಅದರ ಮೇಲೆ ಹಾಕಿದ ತಳಪಾಯವನ್ನೇ ಅದು ಅಲುಗಿಸುತ್ತದೆ. ಎರೆಯ ಊರುಗಳ ಶಾಲೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿಯುವ ಬಿರುಕನ್ನು ಉಪಾಧ್ಯಾಯರೆಲ್ಲ ನೋಡಿರಬೇಕು. ಅಲ್ಲಿ ಆಳದ ಅಡಿಪಾಯ, ಎರೆಯನ್ನು ತೆಗೆದು ಗರಸು ತುಂಬುವುದು ಮುಂತಾದ ಎಚ್ಚರಿಕೆ ಬೇಕೇಬೇಕು. ನೆರೆಹೊರೆಯ ಐದು ತಾಲ್ಲೂಕಿಗೇ ಒಂದು ನಕ್ಷೆ ಸಾಲದೆಂದ ಮೇಲೆ ಕಾರವಾರದಿಂದ ಕೋಲಾರದವರೆಗೆ ಒಂದೇ ನಕ್ಷೆ ಹೇಗೆ ಸಾಕು?

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಇದು ತಂಪಿಗಿಂತ ದೊಡ್ಡದು. ಈ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಕೂರುತ್ತದೆ. ಇನ್ನೂ ಹೆಚ್ಚಾದರೆ ಎಲುಬಿಗೆ ಇಳಿಯುತ್ತದೆ. ಮಳೆಯ ನೀರಿನಲ್ಲಿ ಈ ಕಾಟವಿಲ್ಲ. ನೂರು ಚದರ ಮೀಟರಿನ ಛಾವಣಿಯ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ 50,000 ಲೀಟರು; ಚೆಲ್ಲಿದ್ದು, ಆರಿದ್ದು, ಮೊದಲ ಮಳೆಯ ಕೊಳೆಯೊಡನೆ ಹೊರಬಿಟ್ಟದ್ದು ಕಳೆದರೂ 40,000 ಉಳಿಯುತ್ತದೆ. ಇನ್ನೂರು ಮಕ್ಕಳಿಗೆ ದಿನಕ್ಕೊಂದು ಲೀಟರಿನಂತೆ ಇನ್ನೂರು ದಿನಕ್ಕೆ ಬೇಕಾದುದು ಸರಿಯಾಗಿ ಅಷ್ಟೇ. ಕಾಯಿದೆ ಪ್ರಾಥಮಿಕ ತರಗತಿಗಳಿಗೆ ವಿಧಿಸಿದ ಶಾಲಾ ದಿನಗಳೂ ಇನ್ನೂರೇ. ಎಲ್ಲವನ್ನೂ ಒಮ್ಮೆಗೇ ತುಂಬಿಡಬೇಕಾಗಿಲ್ಲ. ಹತ್ತಡಿ ಉದ್ದಗಲ, ಏಳಡಿ ಆಳದ ಭದ್ರವಾದ ಮುಚ್ಚಳವುಳ್ಳ ತೊಟ್ಟಿಯಲ್ಲಿ 20,000 ಲೀಟರು ನಿಲ್ಲುತ್ತದೆ. ಸುಣ್ಣ ಬಳಿದ ಛಾವಣಿ, ಒಂದು ಕೊಳವೆ, ಮರಳು ಇದ್ದಿಲುಗಳ ಸೋಸು, ಒಂದು ತೊಟ್ಟಿ. ಆಗಾಗ ತೊಳೆಯುವ ಶ್ರದ್ಧೆ ಮಾತ್ರ ಎಸ್ಟಿಮೇಟಿನಲ್ಲಿ ಸೇರುವುದಿಲ್ಲ. ಅದಿಲ್ಲದೆ ಒಣಗಿ, ಹಲ್ಲಿಗಳ ಮನೆಯಾದ ಮಳೆನೀರಿನ ತೊಟ್ಟಿಗಳನ್ನೂ ನಾನು ನೋಡಿದ್ದೇನೆ.

ಅಡ್ಡಿ ಎಲ್ಲಿದೆ? ಹಣದಲ್ಲಿ ಎನ್ನುವವರಿದ್ದಾರೆ, ಮೇಲೆ ಹೇಳಿದುದರಲ್ಲಿ ಬಹುಪಾಲಿಗೆ ಹೆಚ್ಚು ಹಣ ಬೇಡ. ಅಡ್ಡಿಯಿರುವುದು ದರಪಟ್ಟಿಯಲ್ಲಿ. ಯಾವ ಕೆಲಸಕ್ಕೆ ಪಟ್ಟಿಯಲ್ಲಿ ದರವಿಲ್ಲವೋ ಅದನ್ನು ಇಂಜಿನಿಯರು ಎಸ್ಟಿಮೇಟಿನಲ್ಲಿ ಬರೆಯಲು ಅಂಜುತ್ತಾನೆ. ಬರೆಯದ ಕೆಲಸವನ್ನು ಕಂಟ್ರಾಕ್ಟರು ಮಾಡುವುದಿಲ್ಲ. ಮಾಡದ ಕೆಲಸವನ್ನು ಮೇಸ್ತ್ರಿ ಮರೆಯುತ್ತಾನೆ. ಒಂದು ತಲೆಮಾರು ಕಳೆಯಿತೆಂದರೆ ಗಾರೆ ಹದಮಾಡುವ ಕೈ ಊರಿನಲ್ಲಿ ಇರುವುದಿಲ್ಲ. ಜೊತೆಗೆ ಜನರ ಮನಸ್ಸೂ ಇದೆ. ಮಣ್ಣಿನ ಗೋಡೆ ಎಂದರೆ ಬಡತನ, ಕಾಂಕ್ರೀಟು ಎಂದರೆ ಏಳಿಗೆ ಎಂದು ತಲೆಮಾರುಗಳಿಂದ ಕಂಡವರಿಗೆ, ತಮ್ಮ ಮಕ್ಕಳ ಶಾಲೆಗೇ ಮಣ್ಣಿನ ಇಟ್ಟಿಗೆ ತಂದರೆ ಅವಮಾನವೆನಿಸಿದರೆ ತಪ್ಪೇನು? ಮೊದಲು ತಾಲ್ಲೂಕು ಕಚೇರಿಯನ್ನೋ ಇಂಜಿನಿಯರರ ವಸತಿಗೃಹವನ್ನೋ ಹಾಗೆ ಕಟ್ಟಿ ತೋರಿಸುವುದು ಮರ್ಯಾದೆ.

ಅಲ್ಲಿಯವರೆಗೆ ಉಪಾಧ್ಯಾಯರು ಮಾಡಬಹುದಾದುದೂ ಉಂಟು. ಮೇ ತಿಂಗಳ ನೆರಳಿಲ್ಲದ ದಿನ ರಜೆಯಲ್ಲಿ ಹೋಗುತ್ತದೆ, ಆದರೆ ಆಗಸ್ಟಿನದು ಶಾಲೆಯ ದಿನಗಳಲ್ಲೇ ಬರುತ್ತದೆ. ಮೋಡ ಬಿಟ್ಟುಕೊಟ್ಟರೆ ಹನ್ನೆರಡೂವರೆಯ ಸುಮಾರಿಗೆ ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುವುದನ್ನು ಮಕ್ಕಳು ನೋಡಲಿ. ಅಂದಿನಿಂದ ಮಾರ್ಚಿಯವರೆಗೆ ವಾರಕ್ಕೊಮ್ಮೆ, ಸಂಜೆ ನಾಲ್ಕಕ್ಕೆ, ಪಡುವಣ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಎಷ್ಟು ದೂರ ಬಂತೆಂದು ನೆಲದ ಮೇಲೆ ಬಳಪದಿಂದ ಗೆರೆ ಎಳೆದು ತಾರೀಖು ಬರೆಯಲಿ. ಮುಂದೆ ಹೊಸ ಕೋಣೆ ಮಂಜೂರಾಗಿ ಇಂಜಿನಿಯರು ಟೇಪು ಹಿಡಿದು ಬಂದ ದಿನ, ಶಾಲಾಭಿವೃದ್ಧಿ ಸಮಿತಿಯವರು ಅವರನ್ನು ಮೊದಲು ಆ ಕೋಣೆಗೆ ಕರೆದುಕೊಂಡು ಹೋಗಿ ನೆಲವನ್ನು ತೋರಿಸಬಹುದು.